ಚುಕ್ಕೆ ಬಿದ್ದ ಹಂದಿಗಳು

ಗುಡ್ಡೇಪಾಳ್ಯದ ಬೆಳೆ ರಕ್ಷಣಾ ರೈಫಲ್ ಬಳಕೆದಾರರ ಸಂಘದ ವ್ಯಾಪ್ತಿಯಲ್ಲಿ ಈಗ ಒಂದೇ ಒಂದು ಕಾಡುಹಂದಿಯೂ ಜೀವಂತವಾಗಿಲ್ಲ. ಈ ವರ್ಷದ, ಅಂದರೆ ಎರಡು ಸಾವಿರದ ಮೂರನೇ ಇಸವಿಯ ಸರ್ವಸದಸ್ಯರ ಸಭೆಯಲ್ಲಿ ಇದು ಸರ್ವಾನುಮತದಿಂದ ಅಂಗೀಕಾರವಾಗಿದೆ. ಆ ಸಂಘದ ನಿರ್ದೇಶಕರಲ್ಲಿ ನಾನೂ ಒಬ್ಬ, ಕೈ ಎತ್ತಿದವರಲ್ಲೂ ಒಬ್ಬ. ಸಂಘವನ್ನು ಕಂಡರೆ ಹೊಟ್ಟೆ ಉರಿದುಕೊಳ್ಳುವವರು ನೊಣವಿನಕೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಏನೇನೋ ಆಡಿಕೊಳ್ಳುತ್ತಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೇ ಹೇಳಿಬಿಡುತ್ತೇನೆ.

ಸಂಘಕ್ಕೆ ಇರುವುದು ಒಂದು ರೈಫಲ್. ತೋಟಕ್ಕೆ ನೀರು ಬಿಡಲು ಸರದಿ ಇರುವಂತೆ ಇದಕ್ಕೂ ಸರದಿ. ಇವತ್ತು ನಿಮ್ಮ ತೋಟ, ನಾಳೆ ನಮ್ಮ ತೋಟ. ಇದ್ದ ದೋಷ ಒಂದೇ, ಗುಂಡು ಎಡಕ್ಕೆ ಎಳೆಯುತ್ತಿತ್ತು. ನಮ್ಮ ಜನ ಅದಕ್ಕೆ ಹೊಂದಿಕೊಂಡು, ಒಂದು ಗೇಣು ಬಲಕ್ಕೆ ಗುರಿಯಿಟ್ಟು ಹಂದಿ ಬೀಳಿಸುತ್ತಿದ್ದರು. ಹೋದ ಬೇಸಿಗೆಯಲ್ಲಿ ನಮ್ಮ ಅಧ್ಯಕ್ಷರು ತೋಂಟದಾರ್ಯನವರು ನೇರವಾಗಿ ಗುರಿಯಿಟ್ಟು ಹೊಡೆದರು. ಗುಂಡು ಅವರದೇ ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಬಿತ್ತು. ಅಧ್ಯಕ್ಷರ ಗುರಿ ತಪ್ಪಲು ಸಾಧ್ಯವಿಲ್ಲದ ಕಾರಣ, ತಪ್ಪು ರೈಫಲ್ಲಿನದೇ ಎಂದು ತೀರ್ಮಾನವಾಗಿ, ಅಧ್ಯಕ್ಷರ ಭಾಮೈದನ ಮೂಲಕ ಬೆಂಗಳೂರಿನಿಂದ ಒಂದು ಲೇಸರ್ ತರಿಸಲಾಯಿತು.

ಅದು ನೋಡಲು ಥೇಟ್ ಹಿತ್ತಾಳೆಯ ಕಾಡತೂಸು. ರೈಫಲ್ಲಿನಲ್ಲಿ ಕಾಡತೂಸು ಕೂರುವ ಜಾಗಕ್ಕೇ ಅದನ್ನು ಕೂರಿಸಬೇಕು. ಆಗ ನಳಿಗೆಯಿಂದ ಕೆಂಪು ಬೆಳಕು ಹೊರಟು ಎದುರು ಗೋಡೆಯ ಮೇಲೆ ಕುಂಕುಮದ ಬೊಟ್ಟಿನಷ್ಟು ಚುಕ್ಕೆ ಬೀಳುತ್ತದೆ. ರೈಫಲ್ಲಿನ ಮೇಲೆ ಗುರಿ ನೋಡಲು ಕೂರಿಸಿರುವ ದುರ್ಬೀನೂ ಅದೇ ಚುಕ್ಕೆಯನ್ನು ನೋಡುವ ಹಾಗೆ ತಿರುಪು ತಿರುಗಿಸಿ, ಲೇಸರನ್ನು ತೆಗೆದಿಟ್ಟು, ಆಮೇಲೆ ನಿಜವಾದ ಕಾಡತೂಸು ಹಾಕಿ ಹೊಡೆಯಬೇಕು. ಕಾರ್ಯದರ್ಶಿ ವಸಂತ ಇದನ್ನೆಲ್ಲ ಸಭೆಗೆ ಓದಿ ಹೇಳಿದ. 'ತೆಗೆದಿಟ್ಟು' ಎಂಬಲ್ಲಿ ಅಧ್ಯಕ್ಷರು ತಡೆದರು.

"ತೆಗೆದಿಡೋದಾ? ಸಹಾಯಧನದಲ್ಲಿ ತಂದಿರೋ ಸಾಮಾನು ಕಣಯ್ಯಾ. ಆಡಿಟ್‌ನೋರು ಬಂದು, ಯಾಕ್ರೀ ಪೆಟ್ಟಿಗೇಲಿ ಮಡಗಿದ್ದೀರ ಅಂತ ಕೇಳಿದ್ರೆ ನಿಮ್ಮಪ್ಪ ಉತ್ತರ ಕೊಡ್ತಾನಾ?"

"ಅದು ಒಳಗೇ ಇದ್ರೆ ಕಾಡತೂಸಿಗೆ ಜಾಗ ಇರಲ್ಲಣ್ಣಾ."

"ಗುರಿ ಮುಖ್ಯವೋ, ಕಾಡತೂಸು ಮುಖ್ಯವೋ? ಗುರಿಯಿಲ್ದೆ ಹೊಡ್ದಿದ್ದಕ್ಕೇ ನನ್ನ ಟ್ಯಾಂಕ್ ಹೋಯ್ತು."

ಕೂಡಲೇ ನಿಯಮ ರಚನೆಯಾಯಿತು: "ಸದರಿ ರೈಫಲ್ಲನ್ನು ಲೇಸರ್ ಸಮೇತ ಕೊಂಡೊಯ್ದು ಲೇಸರ್ ಸಮೇತವೇ ಹಿಂದಿರುಗಿಸತಕ್ಕದ್ದು. ಯಾವ ಹಂದಿಯ ಮೇಲೆ ಚುಕ್ಕೆ ಬೀಳುವುದೋ ಆ ಹಂದಿ ಸತ್ತಿದೆಯೆಂದು ಭಾವಿಸತಕ್ಕದ್ದು."

ಪರಿಣಾಮ ಕಣ್ಣಿಗೆ ರಾಚುವಂತಿತ್ತು. ಹಿಂದೆ ವರ್ಷಕ್ಕೆ ನಾಲ್ಕು ಹಂದಿ ಬಿದ್ದರೆ ಹೆಚ್ಚು. ಈಗ ವಾರವಾರವೂ ಬೀಳತೊಡಗಿದವು. ನಾನೇ ನನ್ನ ಬದುವಿನ ಹತ್ತಿರ ಒಂದನ್ನು ಕೆಡವಿದೆ. ಕೆಡವಿದ ಮೇಲೆ ಅದು ನನ್ನ ಗೆಣಸಿನ ಪಾತಿಯನ್ನೆಲ್ಲ ತಿಂದು, ಬೇಲಿ ನುಸುಳಿ ಹೋಯಿತು. ಸಭೆಯಲ್ಲಿ ನನಗೆ ಚಪ್ಪಾಳೆ ಬಿತ್ತು. ಕಾಡತೂಸಿನ ಖರ್ಚು ಉಳಿದದ್ದರಿಂದ ನಾವು ನಿರ್ದೇಶಕರು ಕುಟುಂಬ ಸಮೇತ ಊಟಿಗೆ ಅಧ್ಯಯನ ಪ್ರವಾಸ ಹೋಗಿಬಂದೆವು. ಅಲ್ಲಿ ವಿಪರೀತ ಚಳಿ.

ಎಲ್ಲ ಚೆನ್ನಾಗಿ ನಡೆಯುವಾಗ ತಕರಾರು ತೆಗೆದವಳು ಚಿಕ್ಕಗೌರಮ್ಮ. ಈ ಆಯಮ್ಮನ ಹಳೇ ತೋಟ ಕಾಂಡದಲ್ಲಿ ರಸ ಸೋರುವ ರೋಗ ಬಂದು ಹಾಳಾಗಿತ್ತು. ಅತ್ತೆ ನೆಟ್ಟ ಒಂದು ತೆಂಗಿನ ಮರವಿತ್ತು, ಅದರ ಕೊಬ್ಬರಿಯನ್ನು ತಿಪಟೂರಿನ ಮಂಡಿಯವರೂ ಹೊಗಳುತ್ತಿದ್ದರು. ಅದೂ ಸಾಯುವ ಮುಂಚೆ ಆಯ್ದ ಕಾಯಿ ಇಳಿಸಿ, ಪಾತಿಯಲ್ಲಿ ಮೊಳಕೆ ಬರಿಸಿ, ಬಿಂದಿಗೆಯಲ್ಲಿ ನೀರು ಹೊತ್ತು ಸಸಿ ಬೆಳೆಸಿದ್ದಳು. ಆ ತಳಿ ಉಳಿದರೆ ಆ ಸಸಿಗಳಲ್ಲೇ ಉಳಿಯಬೇಕು. ಹಂದಿಗಳಿಗೆ ಸಸಿಯ ಬುಡ ಸೀಳಿ ಒಳಗಿನ ಸುಳಿ ತಿನ್ನುವುದೆಂದರೆ ಪ್ರಾಣ.

"ಒಂದೇ ಒಂದು ಕಾಡತೂಸು ಕೊಡ್ರಪ್ಪ, ನಿಮ್ಮ ದಮ್ಮಯ್ಯ," ಎಂದು ಕಚೇರಿಗೆ ಬಂದಳು. "ಅರ್ಧಕ್ಕರ್ಧ ಸಸಿ ಹೋದ್ವು. ಚುಕ್ಕೆ ಬುಟ್ರೆ ಹಂದಿ ತಲೇನೂ ಎತ್ತಲ್ಲ ಕಣ್ರಪ್ಪ."

"ಚುಕ್ಕೆ ಬಿತ್ತೋ ಇಲ್ವೋ, ಅಷ್ಟು ಹೇಳಮ್ಮ," ಎಂದ ವಸಂತ.

"ಚುಕ್ಕೆ ಬಿತ್ತು. ಹಂದಿ ಬೀಳ್ಲಿಲ್ಲ."

"ಹಂಗಾದ್ರೆ ನಿಮ್ಮ ಗುರೀಲೇ ಏನೋ ಐಬು. ಕಾಡತೂಸು ಕೊಡೋದು ಮೂರು ಹಂದಿ ಕೆಡವಿದ ನುರಿತ ಗುರಿಕಾರರಿಗೆ ಮಾತ್ರ."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ನೀವು! ನಿಮ್ಮ ಬಾಯಿಗೆ ಮಣ್ಣು ಬೀಳ!" ಎಂದು ಆಯಮ್ಮ ಸೆರಗು ಕೊಡವಿಕೊಂಡು ಹೋದಳು. ನನಗೂ ಬಲು ಕೋಪ ಬಂತು. ಸಂಸ್ಥೆ ಅಂದಮೇಲೆ ಮರ್ಯಾದೆ ಬೇಡವೇ?

ಮುಂದಿನ ಸರದಿ ಮುಗಿಸಿ ರೈಫಲ್ ಹಿಂದಿರುಗಿಸುವಾಗ ಚಿಕ್ಕಗೌರಮ್ಮ ಬೇರೆಯೇ ಹೆಂಗಸಾಗಿದ್ದಳು. ತಲೆ ತಗ್ಗಿಸಿಕೊಂಡು, "ಬಿದ್ವು ಕಣ್ರಪ್ಪ," ಅಂದಳು.

"ಏನು ಬಿದ್ವು? ಜೋರಾಗಿ ಹೇಳಮ್ಮ," ಎಂದ ವಸಂತ.

"ಹಂದಿ. ಮೂರೂ ಬಿದ್ವು. ಈಗಾದ್ರೂ ಕಾಡತೂಸು ಕೊಡಿ. ಒಂದೇ ಸಸಿ ಉಳ್ದೈತೆ."

ನಮಗೆಲ್ಲ ಹೇಳಲಾರದಷ್ಟು ಸಂತೋಷವಾಯಿತು. ವಸಂತ ಅಲ್ಲಿಯವರೆಗೆ ಬಿದ್ದ ಹಂದಿಗಳನ್ನೆಲ್ಲ ಕೂಡಿ ನೋಡಿ, ಈ ಮೂರರೊಂದಿಗೆ ನಮ್ಮ ಕಡೆ ಇದ್ದಬದ್ದ ಹಂದಿಯೆಲ್ಲ ಮುಗಿದವು ಎಂದು ಘೋಷಿಸಿದ. ಅಧ್ಯಕ್ಷರು ಎದ್ದು ಕೈಮುಗಿದರು. "ಹಂದಿಯೇ ಇಲ್ಲದ ಮೇಲೆ ಕಾಡತೂಸು ಯಾಕಮ್ಮ? ಕೊನೇ ಹಂದಿ ಕೆಡವಿದೋಳು ನೀನು. ನಿನಗೆ ಸನ್ಮಾನ ಮಾಡ್ತೀವಿ, ನಿನ್ನ ತೋಟದಲ್ಲೇ."

ಆಯಮ್ಮ ಕಣ್ಣೀರು ಹಾಕಿಕೊಂಡಳು. ಬಡವರಿಗೆ ಸನ್ಮಾನ ಅಂದರೆ ಹಾಗೇ, ತಡೆದುಕೊಳ್ಳಲು ಆಗುವುದಿಲ್ಲ.

ಸನ್ಮಾನ ಸಾಯಂಕಾಲ ನಡೆಯಿತು. ಸಸಿಗಳು ಹೋಗಿ ಖಾಲಿ ಉಳಿದ ಸಾಲು ಗುಂಡಿಗಳ ಮುಂದೆ ಶಾಮಿಯಾನ ಹಾಕಿಸಿದ್ದೆವು. ಅಧ್ಯಕ್ಷರು ಗುರಿಯ ಮಹತ್ವ ಕುರಿತು ಮಾತಾಡಿದರು. ಚಿಕ್ಕಗೌರಮ್ಮನಿಗೆ ಶಾಲು ಹೊದಿಸಿ, ಕೈಗೆ ರೈಫಲ್ ಕೊಟ್ಟು, ಉಳಿದಿದ್ದ ಸಸಿಯ ಮುಂದೆ ನಿಲ್ಲಿಸಿದೆವು. ನಾವೆಲ್ಲ ಅಕ್ಕಪಕ್ಕ ಒತ್ತಿಕೊಂಡೆವು. ತಿಪಟೂರಿನಿಂದ ಕರೆಸಿದ್ದ ಫೋಟೋದವನು ಕ್ಯಾಮೆರಾ ಎತ್ತಿದವನು ಹಾಗೇ ಇಳಿಸಿದ.

"ಸಾರ್, ಹಿಂದ್ಗಡೆ ಹಂದಿ ಬಂದೈತೆ. ಓಡಿಸ್ಲಾ?"

"ಸತ್ತಿರೋದನ್ನ ಏನಯ್ಯಾ ಓಡಿಸೋದು? ನೀನು ತೆಗಿ," ಅಂದರು ಅಧ್ಯಕ್ಷರು.

ಸಸಿಯ ಬುಡ ಸೀಳಿದ ಸದ್ದು ನಮಗೆಲ್ಲ ಕೇಳಿಸಿತು. ಚಿಕ್ಕಗೌರಮ್ಮ ಹಿಂದಕ್ಕೆ ತಿರುಗಿದಳು.

"ಅಮ್ಮಾ, ಇತ್ಲಾಗೆ ನೋಡಿ," ಅಂದ ಫೋಟೋದವನು.

ಆಯಮ್ಮ ಇತ್ಲಾಗೆ ನೋಡಿದಳು.