ಪ್ಯಾಕಿಂಗ್ ರೂಮಿನ ಸ್ಟೂಲು

ಚೀಲದ ತಳ ಬಿರಿದದ್ದು ಬೆರಳು ತೂರುವಷ್ಟೇ. ಅಷ್ಟಕ್ಕೇ ಸಣ್ಣಮಾದಯ್ಯನ ಪಾಲಿನ ಸ್ಟೂಲು ಅಲ್ಲಾಡತೊಡಗಿತು.

ಮೇಟಗಳ್ಳಿಯ ಆ ಕಾರ್ಖಾನೆಯಲ್ಲಿ ಮಂಡಿನೋವಿನ ಜೆಲ್ ತಯಾರಾಗುತ್ತಿತ್ತು. ಕಷಾಯದಂತೆ ಹರಿಯುವ ಮದ್ದನ್ನು ಗಟ್ಟಿ ಮಾಡುವ ಕಾರ್ಬೋಮರ್ ಎಂಬ ಪುಡಿಯ ಚೀಲ ಹೊತ್ತು ಹೊತ್ತು ಅವನ ಮಂಡಿಯೇ ಸವೆದಿತ್ತು. ನಾಳೆಯಿಂದ ಪ್ಯಾಕಿಂಗ್ ರೂಮಿನ ಫ್ಯಾನಿನಡಿ, ಸ್ಟೂಲಿನ ಮೇಲೆ ಕೂತು ಟ್ಯೂಬು ತುಂಬಿದರೆ ಸಾಕೆಂದು ಮ್ಯಾನೇಜರ್ ಕೃಷ್ಣಸ್ವಾಮಿಯವರು ಒಪ್ಪಿದ್ದರು. ಇವತ್ತು ನೋಡಿದರೆ ಪ್ಯಾಕಿಂಗ್ ರೂಮಿನ ಮುಂದಿನ ಓಣಿಯುದ್ದಕ್ಕೂ ಬಿಳಿ ಪುಡಿ.

"ನೀರು ಹೊಡೆದ್ಬುಡಿ ಮಾದಣ್ಣ, ಯಾರಿಗೂ ಗೊತ್ತಾಗಕಿಲ್ಲ," ಎಂದ ಜೊತೆಗಾರ ನಾಗೇಂದ್ರ.

ಸಣ್ಣಮಾದಯ್ಯ ಹೊಡೆದ. ಪುಡಿ ನೀರು ಕುಡಿದು, ಹಸಿ ಹುಲ್ಲು ಮೇಯ್ದ ಎಮ್ಮೆಯ ಹೊಟ್ಟೆಯಂತೆ ಉಬ್ಬಿ ಲೋಳೆಯಾಯಿತು.

ಪ್ಯಾಕಿಂಗಿನ ಧರಣಿ ಬಾಗಿಲಿಗೆ ಬಂದಳು. "ಬರೀ ನೀರಿಗೆ ಹೋದಾತೇನಣ್ಣ ಅದು? ವಾಶಿಂಗ್ ಸೋಡ ಸುರಿ. ನಮ್ಮನೆ ಬಚ್ಚಲು ಅದ್ರಲ್ಲೇ ಕಣ್ಣು ಕುಕ್ತದೆ."

ಸೋಡ ಬಿದ್ದದ್ದೇ ತಡ, ಲೋಳೆ ಮುದ್ದೆ ಕಟ್ಟಿತು. ಪೊರಕೆ ಹೊಲದ ಬೆರ್ಚಪ್ಪನಂತೆ ಅದರಲ್ಲಿ ನೆಟ್ಟಗೆ ನಿಂತಿತು.

"ಅಲ್ಲಾ, ಜೆಲ್ ಗಟ್ಟಿಯಾಗ್ಲಿ ಅಂತ ಕೊನೇಲಿ ಹಾಕೋದೂ ಇಂಥದ್ದೇ ಅಲ್ವಾ?" ನಾಗೇಂದ್ರನಿಗೆ ಆಗ ನೆನಪಾಯಿತು.

"ಮೊದ್ಲೇ ಒದರಕ್ಕೆ ಏನಾಗಿತ್ಲಾ ನಿಂಗೆ?" ಸಣ್ಣಮಾದಯ್ಯ ರೇಗಿದ.

ಅತ್ತ ಕೃಷ್ಣಸ್ವಾಮಿಯವರ ಬೂಟಿನ ಸದ್ದು. ಸ್ಟೂಲಿರಲಿ, ಕೆಲಸವೇ ಹೋಯಿತೆಂದು ಸಣ್ಣಮಾದಯ್ಯ ಊಟದ ಡಬ್ಬಿ ಎತ್ತಿಕೊಂಡು ಓಡಲು ಹೋಗಿ ಜಾರಿ ಬಿದ್ದ. ಡಬ್ಬಿ ಬಾಯ್ಬಿಟ್ಟಿತು. "ಬರೀ ಉಪ್ಪು" ಎಂದು ಬೆಳಿಗ್ಗೆ ಹೆಂಡತಿ ಸಾಕಮ್ಮನನ್ನು ಬೈದಿದ್ದ ನಿಂಬೆ ಉಪ್ಪಿನಕಾಯಿಯ ರಸ ಲೋಳೆಯ ಮೇಲೆ ಹರಿಯಿತು. ಹರಿದ ಕಡೆಯೆಲ್ಲ ಲೋಳೆ ಕರಗಿ ನೀರಾಯಿತು.

"ಕ್ಯಾಂಟೀನಿಂದ ಉಪ್ಪು ತತ್ತಾ, ಓಡ್ಲಾ!"

ಬೂಟು ನಡುದಾರಿಯಲ್ಲಿ ಫೋನಿಗೆ ನಿಂತದ್ದು ಚಾಮುಂಡಿಯ ದಯೆ. ಸಾಹೇಬರು ಬರುವಾಗ ಕೊನೆಯ ಗುಡ್ಡೆ ಕರಗಿ ಮೋರಿ ಸೇರುತ್ತಿತ್ತು. ಅವರು ಹರಿದ ಚೀಲ ನೋಡಿದರು, ಉಪ್ಪಿನ ಪೊಟ್ಟಣ ನೋಡಿದರು.

"ಚೀಲವೇ ಲಡ್ಡು ಹಿಡಿದಿದೆ, ನಿಮ್ಮ ತಪ್ಪಲ್ಲ ಬಿಡಿ. ಆದರೆ ಉಪ್ಪಿಗೆ ಇದು ನೀರಾಗುತ್ತೆ ಅಂತ ನಿಮಗೆ ಯಾರು ಹೇಳಿದ್ದು?"

ಹೋದ ಜೀವ ಬಂದಂತಾಗಿ ಸಣ್ಣಮಾದಯ್ಯನ ನಾಲಿಗೆಯೂ ಜಾರಿತು. "ಯಾರು ಹೇಳ್ಬೇಕು ಸ್ವಾಮಿ, ಎಲ್ಲಾ ಅನುಭವ."

"ಇಷ್ಟು ತಿಳಿದವರನ್ನ ಪ್ಯಾಕಿಂಗಿಗೆ ಕಳಿಸಿ ನಾನೇನು ಮಾಡ್ಲಿ? ಇನ್ಮೇಲೆ ಈ ಪುಡಿ ಪೂರ್ತಿ ನಿಮ್ಮ ಕೈಲೇ ಇರ್ಲಿ. ಆ ಸ್ಟೂಲಿಗೆ ನಾಗೇಂದ್ರ ಹೋಗ್ಲಿ. ಅವನಿಗೆ ಏನೂ ಗೊತ್ತಿಲ್ಲ."

ಸಂಜೆ ಸಾಕಮ್ಮ ಮುಖ ಊದಿಸಿಕೊಂಡೇ ಕೇಳಿದಳು. "ಉಪ್ಪಿನಕಾಯಿ ಎಂಗಿತ್ತು?"

"ಉಪ್ಪು ಸರಿಯಾಗೇ ಇತ್ತು ಕಣಮ್ಮಿ," ಎಂದು ಸಣ್ಣಮಾದಯ್ಯ ನಿಟ್ಟುಸಿರು ಬಿಟ್ಟು ಮಂಡಿ ಚಾಚಿದ. "ಒಸಿ ಆ ಜೆಲ್ಲು ತಿಕ್ಕು."