ಇಬ್ಬರ ಮನೆಗೆ ಬಂದ ಟರ್ಕಿ

ಕುವೈತಿನ ಹವಲ್ಲಿಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಕ್ರಿಸ್ಮಸ್ಸಿನ ಹಿಂದಿನ ವಾರ, ಫ್ರೀಜರಿನ ಬಾಗಿಲು ಮುಚ್ಚದೆ ಹೋಯಿತು. ಸಾವುನೋವು ವರದಿಯಾಗಿಲ್ಲ. ಪರಿಸ್ಥಿತಿ ಉದ್ವಿಗ್ನವಾಗಿದ್ದರೂ ಗೃಹಿಣಿಯ ನಿಯಂತ್ರಣದಲ್ಲಿತ್ತು. ಮನೆ ನಮ್ಮದೇ. ಇಂಥದ್ದೆಲ್ಲ ನಮ್ಮಲ್ಲಿ ಆಗಾಗ ಆಗುತ್ತಲೇ ಇರುತ್ತದೆ. ಈ ಸಲ ಕಾರಣ ಒಂದು ಟರ್ಕಿ ಕೋಳಿ.

೧. ಆಗಮನ

ಎದುರು ಮನೆಯಲ್ಲಿದ್ದವರು ಮಂಗಳೂರಿನ ಕ್ರೈಸ್ತ ದಂಪತಿ. ಹೆಂಗಸನ್ನು ನಾವು ಬಾಯಮ್ಮ ಎಂದೇ ಕರೆಯುತ್ತಿದ್ದೆವು. ಗಂಡನ ಕೆಲಸ ಖಲಾಸ್ ಆಗಿ, ಇಕಾಮಾ ಎಂಬ ವಾಸದ ಪರವಾನಗಿಯೂ ರದ್ದಾಗಿ, ಹಬ್ಬಕ್ಕೆ ಮೊದಲೇ ಅವರು ಊರಿಗೆ ಹೊರಡಬೇಕಾಯಿತು. ಸೋಫಾ ಮಾರಿದರು, ಮಂಚ ಮಾರಿದರು. ಹಬ್ಬಕ್ಕೆಂದು ತಂದಿಟ್ಟಿದ್ದ ಟರ್ಕಿಯನ್ನು ಮಾರಲು ಮಾತ್ರ ಬಾಯಮ್ಮನಿಗೆ ಮನಸ್ಸು ಬರಲಿಲ್ಲ. ಹೊರಡುವ ಬೆಳಿಗ್ಗೆ ಅದನ್ನು ಟವೆಲಿನಲ್ಲಿ ಸುತ್ತಿ ತಂದು ನನ್ನ ಹೆಂಡತಿಯ ಕೈಗಿಟ್ಟರು.

"ಹಬ್ಬದ ದಿನವೇ ಮಾಡು. ಒಂದು ತುಂಡೂ ಬಿಸಾಡ್ಬಾರ್ದು. ಮಾತು ಕೊಡು."

ಹೆಂಡತಿ ಅಳುತ್ತಲೇ ಮಾತು ಕೊಟ್ಟಳು. ಅಳುವಾಗ ಯಾರೂ ತೂಕ ಕೇಳುವುದಿಲ್ಲ. ಏಳೂವರೆ ಕಿಲೋ ಇತ್ತು. ಮನೆಯಲ್ಲಿ ನಾವಿಬ್ಬರೇ.

ಅಂಜಲ್ ಮೀನು, ತೆಂಗಿನ ತುರಿ, ಐಸಿನ ತಟ್ಟೆ ಎಲ್ಲ ಹೊರಬಂದು ಟರ್ಕಿ ಒಳಗೆ ಹೋಯಿತು. ಬಾಗಿಲು ನಿಲ್ಲಲಿ ಎಂದು ಒಂದು ಕುರ್ಚಿ ಒತ್ತಿಟ್ಟೆವು. ಕುರ್ಚಿ ನಿಲ್ಲಲಿ ಎಂದು ಅದರಲ್ಲಿ ನಾನು ಕುಳಿತೆ. ಆ ವಾರದ ವಾರ್ತೆಗಳನ್ನೆಲ್ಲ ಅಡುಗೆಮನೆಯಿಂದಲೇ ಕೇಳಿದೆ.

೨. ಸೋಮವಾರ

ಗುರುವಾರ ಹಬ್ಬ. ಸೋಮವಾರವೇ ಟರ್ಕಿಯನ್ನು ಹೊರಗೆ ತೆಗೆಯಬೇಕಿತ್ತು. ಆದರೆ ನನ್ನ ಹೆಂಡತಿ ಸೋಮವಾರ ಮೀನು-ಮಾಂಸ ಮುಟ್ಟುವುದಿಲ್ಲ, ಅಡುಗೆಮನೆಗೂ ತರುವುದಿಲ್ಲ.

"ಇಷ್ಟು ದಿನ ಫ್ರೀಜರಿನಲ್ಲಿ ಇತ್ತಲ್ಲ?" ಎಂದೆ.

"ಗಟ್ಟಿ ಇರುವವರೆಗೆ ಅದು ಐಸ್ ಮಾರಾಯ್ರೆ. ಕರಗಿದರೆ ಮಾಂಸ."

ಹೀಗಾಗಿ ಬಚ್ಚಲಿನ ಟಬ್ಬಿಗೆ ತಣ್ಣೀರು ತುಂಬಿ ಟರ್ಕಿಯನ್ನು ಮಲಗಿಸಿದೆವು. ಅವಳ ಕಣ್ಣಿಗೆ ಬೀಳದಿರಲೆಂದು ಮೇಲೊಂದು ಹೂವಿನ ಬೆಡ್‌ಶೀಟ್ ಹೊದಿಸಿದೆವು. ಅರ್ಧ ಗಂಟೆಗೊಮ್ಮೆ ನೀರು ಬದಲಿಸುವ ಹುದ್ದೆ ನನ್ನದು. ಆಫೀಸಿಗೆ ರಜೆ ಹಾಕಿದೆ. ಕಾರಣ, ಮನೆಗೆ ಅತಿಥಿ ಬಂದಿದ್ದಾರೆ ಎಂದೆ.

ಅಷ್ಟರಲ್ಲಿ ಕೆಳಗಿನ ಮನೆಯವರ ಬಚ್ಚಲಿಗೆ ನೀರು ಸೋರಲು ಶುರುವಾಗಿ, ಹಾರಿಸ್ ಬಂದ. ಹಾರಿಸ್ ಎಂದರೆ ಕಟ್ಟಡದ ಕಾವಲುಗಾರ, ಈಜಿಪ್ಟಿನವನು. ಬಚ್ಚಲಿಗೆ ಹೋಗಿ ಬೆಡ್‌ಶೀಟಿನ ಒಂದು ತುದಿ ಎತ್ತಿ ನೋಡಿದ. ಮತ್ತೆ ಮೆಲ್ಲಗೆ ಹೊದಿಸಿದ.

"ಭಾಯಿ," ಎಂದ, ಗಂಭೀರವಾಗಿ. "ಬಾಡಿಗೆ ಕರಾರಿನಲ್ಲಿ ಇಬ್ಬರು ಅಂತ ಮಾತ್ರ ಇದೆ."

೩. ಪಾಕ

ಗಲ್ಫಿನಲ್ಲಿರುವ ನಮ್ಮವರ ಮನೆಗಳಲ್ಲಿ ಓವನ್ ಎಂದರೆ ಬಾಣಲೆ ಇಡುವ ಕಪಾಟು. ಅದನ್ನು ಖಾಲಿ ಮಾಡಿದಾಗ ಬಂದ ಪಾತ್ರೆಗಳಿಂದ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಇಷ್ಟಾದ ಮೇಲೂ ಓವನ್ ಹೊತ್ತಿಕೊಳ್ಳಲಿಲ್ಲ. ಹೆಂಡತಿ ಕತ್ತಿ ತೆಗೆದಳು. ಕಾಲಿನದು ಗಸಿಗೆ, ಎದೆಯದು ಸುಕ್ಕಕ್ಕೆ, ಎಲುಬು ಸೂಪಿಗೆ.

ಮಸಾಲೆ ಹುರಿಯುವಾಗ ಊರಿನಿಂದ ಬಾಯಮ್ಮನ ವಿಡಿಯೋ ಕಾಲ್ ಬಂತು.

"ಅದೆಂತ ಮಾರಾಯ್ತಿ, ಟರ್ಕಿಗೆ ಕೊತ್ತಂಬರಿ ಹುರೀತಾ ಇದ್ದೀಯಾ? ಬೆಣ್ಣೆ ಹಚ್ಚಿ ಇಡೀ ಬೇಯಿಸ್ಬೇಕು ಅದನ್ನು! ನನ್ನ ಟರ್ಕಿಯ ಮರ್ಯಾದೆ ತೆಗೆದೆ ನೀನು!"

"ಓವನ್ ಹೊತ್ತುವುದಿಲ್ಲ ಬಾಯಮ್ಮ."

ಆ ಕಡೆ ಒಂದು ನಿಟ್ಟುಸಿರು. ಆಮೇಲೆ, "ಫೋನ್ ಪಾತ್ರೆ ಹತ್ರ ಹಿಡಿ. ಇನ್ನೂ... ಹಾಂ. ತೆಂಗಿನಕಾಯಿ ಕೆಂಪಾಗಲಿಲ್ಲ, ಇನ್ನೂ ಸ್ವಲ್ಪ ಹುರಿ."

ಹಿಂದಿನಿಂದ ಅವರ ಗಂಡನ ಮುಖ ತೂರಿಬಂತು.

"ರೊಟ್ಟಿ ಉಂಟಾ?"

೪. ವಿಲೇವಾರಿ

ಗುರುವಾರ ಮಧ್ಯಾಹ್ನ ತಿಂದೆವು. ಸಂಜೆ ತಿಂದೆವು. ಶುಕ್ರವಾರ ಬೆಳಿಗ್ಗೆ ನೀರುದೋಸೆಯ ಜೊತೆ ತಿಂದೆವು. ನಾವು ತಿಂದಿದ್ದೇವೆ ಎನ್ನುವುದಕ್ಕೆ ಪಾತ್ರೆಯಲ್ಲಿ ಯಾವ ಸಾಕ್ಷಿಯೂ ಇರಲಿಲ್ಲ. ಮಧ್ಯಾಹ್ನ ತಟ್ಟೆಯ ಮುಂದೆ ಕುಳಿತ ಹೆಂಡತಿಯ ಕಣ್ಣು ತುಂಬಿತು. ಕೊಟ್ಟ ಮಾತು ಹಳಸುವ ಹಂತಕ್ಕೆ ಬಂದಿತ್ತು. ಫೋನ್ ಮಾಡಿದಳು.

"ಬಾಯಮ್ಮ, ನಮ್ಮಿಂದ ಆಗ್ಲಿಕ್ಕಿಲ್ಲ. ಬಿಸಾಡ್ಬೇಕಾಗ್ತದೆ."

"ಯಾರ್ಯಾರಿಗೆ ಕೊಟ್ಟೆ?"

"ಯಾರಿಗೂ ಇಲ್ಲ. ನಾವೇ ತಿಂತಾ ಇದ್ದೇವೆ."

ಆ ಕಡೆಯಿಂದ ಬಾಯಮ್ಮ ಮೂಗೆಳೆಯುವ ಸದ್ದು ಬಂತು. ನಗುತ್ತಿದ್ದರೋ ಅಳುತ್ತಿದ್ದರೋ ನಮಗೆ ತಿಳಿಯಲಿಲ್ಲ.

"ನಾವು ಸಹ ಇಬ್ಬರೇ ಇದ್ದದ್ದಲ್ವಾ ಮಾರಾಯ್ತಿ? ಪ್ರತಿ ವರ್ಷ ಅಷ್ಟು ದೊಡ್ಡದು ನಾವಿಬ್ಬರೇ ತಿಂತಿದ್ದೆವು ಅಂದ್ಕೊಂಡ್ಯಾ? ನಿಮಗೆ ಬರ್ತಿದ್ದದ್ದು ಒಂದು ಡಬ್ಬಿ ಮಾತ್ರ. ಹಾರಿಸ್ ಇದ್ದಾನೆ, ಮೇಲಿನ ಮಲಯಾಳಿ ನರ್ಸ್ ಇದ್ದಾಳೆ, ಕೆಳಗೆ ಹೈದರಾಬಾದಿನವರು ಇದ್ದಾರೆ. ಎಲ್ಲ ಕಾಯ್ತಾ ಇರ್ತಾರೆ. ಏಳು, ಡಬ್ಬಿ ತುಂಬು!"

ಅಷ್ಟು ವರ್ಷ ಆ ಕಟ್ಟಡದಲ್ಲಿದ್ದರೂ ನಮಗೆ ಪರಿಚಯವಿದ್ದದ್ದು ಲಿಫ್ಟ್ ಮತ್ತು ಎದುರು ಮನೆ. ಅಂದು ಮನೆಮನೆಯ ಬೆಲ್ ಒತ್ತಿದೆವು. ಹೆಂಡತಿ ಎಲ್ಲೆಡೆ ಒಂದೇ ಮಾತು ಹೇಳಿದಳು: "ಬಾಯಮ್ಮ ಕಳಿಸಿದ್ದು." ನರ್ಸ್ ಡಬ್ಬಿಯನ್ನು ಎದೆಗೆ ಒತ್ತಿಹಿಡಿದು, ಈ ವರ್ಷ ಬರುವುದಿಲ್ಲ ಅಂದುಕೊಂಡಿದ್ದೆ ಎಂದಳು. ಹೈದರಾಬಾದಿನ ಅಜ್ಜಿ ನನ್ನ ಹೆಂಡತಿಯ ಕೆನ್ನೆ ಸವರಿದರು. ಹಾರಿಸ್ ಡಬ್ಬಿಯ ಮುಚ್ಚಳ ತೆಗೆದು, ಅತಿಥಿಯ ಗುರುತು ಹಿಡಿದು, ತಲೆಬಾಗಿದ.

ಸಂಜೆಗೆ ಪಾತ್ರೆ ಖಾಲಿ. ಅದನ್ನು ತೊಳೆದು, ಬೋರಲು ಹಾಕಿ, ಹೆಂಡತಿ ಫೋನಿನಲ್ಲಿ ಬಾಯಮ್ಮನಿಗೆ ತೋರಿಸಿದಳು. ಇಬ್ಬರೂ ಅತ್ತರು. ಈ ಸಲ ಸಂತೋಷಕ್ಕೆ.

ನಾವು ಮರೆತದ್ದು ಒಂದೇ. ಪಕ್ಕದ ಮನೆಯಿಂದ ಬಂದ ಡಬ್ಬಿಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಹೈದರಾಬಾದಿನಲ್ಲೂ ಇಲ್ಲ, ಕೇರಳದಲ್ಲೂ ಇಲ್ಲ, ಈಜಿಪ್ಟಿನಲ್ಲೂ ಇಲ್ಲವಂತೆ. ಶನಿವಾರ ಬೆಳಿಗ್ಗೆಯಿಂದ ಬೆಲ್ ಬಡಿಯತೊಡಗಿತು. ಒಂದು ಡಬ್ಬಿಯಲ್ಲಿ ಬಿರಿಯಾನಿ, ಹಾರಿಸ್ ತಂದದ್ದರಲ್ಲಿ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ. ಕೊನೆಗೆ ಬಂದವಳು ನರ್ಸ್. ಅವಳ ಡಬ್ಬಿ ಎಲ್ಲಕ್ಕಿಂತ ಭಾರವಾಗಿತ್ತು.

"ಕೆಲಸದ ಕಡೆ ಹಬ್ಬಕ್ಕೆ ಒಂದು ಕೊಟ್ಟಿದ್ದರು," ಎಂದಳು ಸಂಕೋಚದಿಂದ. "ನಾನೊಬ್ಬಳೇ ಅಲ್ವಾ, ಮುಗಿಯೋದಿಲ್ಲ."

ಟರ್ಕಿಯ ಎರಡು ಕಾಲುಗಳಿದ್ದವು. ಮಧ್ಯಾಹ್ನ ಒಬ್ಬೊಬ್ಬರು ಒಂದೊಂದು ತಿಂದೆವು.