ಹಸುರು ಮುಳ್ಳಿನ ಮೀನ

ನಮ್ಮ ರಾಯದುರ್ಗದ ಓಣ್ಯಾಗ ಒಂದು ವಾರನೂ ಸುಮ್ಕ ಹೋಗಂಗಿಲ್ರಿ. ಏನಾರ ಒಂದು ಆಗ್ತೈತಿ. ಅದನ್ನ ಯಾರಿಗಾರ ಹೇಳೋತನ ನನಗ ಕುಂತಲ್ಲಿ ಕುಂದ್ರಾಕಾಗಂಗಿಲ್ಲ.

೧. ಹೆಸರಿನ ಜಗಳ

ಐತಾರ ಬಳ್ಳಾರಿ ಕಡಿಂದ ಮೊಪೆಡ್ ಮ್ಯಾಲ ಮೀನಿನಾತ ಬರ್ತಾನ. ಬರೇ ಕೆರಿಮೀನ ತರಾತ, ಅವತ್ತು ಐಸ್ ಡಬ್ಬ್ಯಾಗ ಸಣ್ಣಗ, ಉದ್ದಕ, ಕೊಕ್ಕರಿ ಮೂತಿ ಇರೋ ಸಮುದ್ರದ ಮೀನ ತಂದಿದ್ದ.

"ಸೂದಿ ಚೇಪ" ಅಂದ್ಲು ಎದುರುಮನಿ ತೆಲುಗಾಕಿ. "ಕೊಕ್ಕಿನ ಮೀನ" ಅಂದ ಟೇಲರ್. "ಅಲ್ಲ, ದಬ್ಬಣ ಮೀನ" ಅಂದೆ ನಾನು.

"ಹೆಸರಿಟ್ಟು ತೊಟ್ಲಾಗ ಹಾಕ್ತೀರೇನು? ತಗೊಳ್ರಿ" ಅಂದ ಮೀನಿನಾತ.

ಅಷ್ಟ್ರಾಗ ಕರಾವಳಿಯಿಂದ ಹೊಸದಾಗಿ ಬಾಡಿಗಿಗೆ ಬಂದಾಕಿ ಓಡಿಬಂದು, "ಅಯ್ಯೋ, ಕಾಂಡೆ!" ಅಂತ ತವರಿನವ್ರು ಬಂದಂಗ ಅದನ್ನ ಎದಿಗವಚಿಕೊಂಡ್ಲು.

೨. ಬಲಿತ ಕಾಯಿ

ಆಕಿ ಮನಿ ಓನರಮ್ಮ ಮೀನು ಮೊಟ್ಟಿ ಮುಟ್ಟಾಕಿ ಅಲ್ಲ. "ಅವು ಒಳಗ ಬಂದ್ರ ನೀವು ಹೊರಗ" ಅಂತ ಮೊದ್ಲೇ ಹೇಳಿದ್ಲು. ಪಾಪ, ಊರೆಲ್ಲ ತಿರುಗಿ ಸಿಕ್ಕ ಮನಿ. ನಶ್ಯ ಏರಿಸಿ ಏರಿಸಿ ಓನರಮ್ಮನ ಮೂಗು ಸತ್ತೈತಿ, ಕಣ್ಣು ಮಾತ್ರ ಹದ್ದಿಂದು.

ಮೀನ ಪೇಪರ್‌ನಾಗ ಸುತ್ಕೊಂಡು ನಾವಿಬ್ರೂ ಹೊಂಟ್ರ ಓನರಮ್ಮ ಬಾಗಿಲದಾಗೇ ಹಿಡಿದ್ಲು. "ಏನವ್ವ ಅದು, ಉದ್ದಂದು?"

ಬಾಡಿಗಿಯಾಕಿ ನನ್ನ ಮಾರಿ ನೋಡಿದ್ಲು. ನನ್ನ ಬಾಯಿ ಸುಮ್ಕಿರ್ತೈತೇನು? "ನುಗ್ಗಿಕಾಯ್ರಿ!" ಅಂದೆ.

"ತುದಿಗೆ ಹಲ್ಲು ಕಾಣ್ತಾವಲ್ಲ?"

"ಬಲಿತು ಬಿಟ್ಟೈತ್ರಿ!"

೩. ಕಸದ ಬಕೀಟು

ಸಂಜಿತನ ನನಗ ಕಾಲು ನೆಲದ ಮ್ಯಾಲ ನಿಲ್ಲವಲ್ವು. ಊಟ ಆದಮ್ಯಾಲ ಓನರಮ್ಮ ಬಾಡಿಗಿಯವ್ರ ಕಸದ ಬಕೀಟಿಗೆ ಕೋಲು ಹಾಕಿ ಕೆದರಿದ್ಲು. ಬಾಡಿಗಿಯಾಕಿ ಬಾಗಿಲ ಹಿಂದ ನಿಂತು ನೋಡ್ತಿದ್ಲು, ಗಂಟುಮೂಟಿ ಕಟ್ಟೋದೊಂದೇ ಬಾಕಿ.

ಮುಳ್ಳು ಹೊರಗ ಬಂತು. ನೋಡ್ತೀನಿ, ಗಿಣಿಹಸುರು! ಆ ಮೀನಿನ ಮುಳ್ಳಿನ ಬಣ್ಣನೇ ಹಂಗಂತ!

"ನುಗ್ಗಿಕಾಯಿ ನಾರು! ನಾನು ಏನೇನೋ ಅನ್ಕೊಂಡಿದ್ದೆ. ಚೊಲೋ ಮಂದಿ ನೀವು, ಎಷ್ಟು ದಿನ ಬೇಕಾದ್ರೂ ಇರ್ರಿ" ಅಂದ್ಲು ಓನರಮ್ಮ. ಬಾಡಿಗಿಯಾಕಿ ಖುಷಿಗೆ ಅತ್ತೇಬಿಟ್ಲು. "ನೋಡ್ರಿ, ಎಷ್ಟು ಮರ್ಯಾದಸ್ಥಳು" ಅಂತ ಓನರಮ್ಮ ನನಗೇ ಹೇಳ್ತಾಳ!

೪. ಹಿತ್ತಲದ ಗುಂಡಿ

ಮರುದಿನ ಓನರಮ್ಮ ನನ್ನ ಹುಡುಕ್ಕೊಂಡು ಬಂದ್ಲು. "ಅಂಥ ಕಾಯಿ ನಾನು ಕಂಡಿದ್ದಿಲ್ಲ. ಆ ಗಿಡದ್ದೊಂದು ಕೊಂಬಿ ತರಿಸಿಕೊಡ್ರಿ, ಹಿತ್ತಲದಾಗ ನೆಡ್ತೀನಿ."

ನಾನಂದೆ, "ಇಲ್ಲಿ ಬರಂಗಿಲ್ರಿ ಅದು. ಬಾಳ ನೀರು ಬೇಕು."

"ಬೋರ್ ಐತಲ್ಲ."

"ಅಂಥಿಂಥ ನೀರಲ್ರಿ. ಉಪ್ಪುನೀರೇ ಬೇಕು!"

"ನಮ್ಮ ಬೋರಿನಾಗ ಮತ್ತೇನು ಎಳನೀರು ಬರ್ತೈತಾ?" ಅಂತ ಗುದ್ದಲಿ ತಗೊಂಡು ಗುಂಡಿ ತೋಡಾಕ ಹೋದ್ಲು.